ಗೋಡೆ ಬರಿದಾಗಿ ನಿಂತಾಗ ಮಳೆ ಬಂದರೆ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಓದಿ ಮಡಚಿಟ್ಟೆ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಓದಿದೆ. ಮನೆ ಯಾರ ಪಾಲಿಗೆ ಬಂತು, ಯಾರು ಎಷ್ಟು ಹಾಕಬೇಕು, ಅದೆಲ್ಲ ನಾವು ಆಡಿ ಆಡಿ ಸವೆದ ಮಾತು. ಬಿಡು. ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಒಂದು ಸಾಲು ತುರುಕಿದ್ದೀಯಲ್ಲ, "ಹಳೇ ಗಾರೆ ಕಿತ್ತು ಗೋಡೆ ಬರಿದಾಗಿ ನಿಂತಿರುವಾಗ ಮಳೆ ಹಿಡಿದುಬಿಟ್ಟರೆ ಏನು ಮಾಡಲಿ ದೊಡ್ಡಮ್ಮಾ" ಅಂತ. ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ.

ಯಾಕೆ ಅಂದರೆ, ಆ ಪ್ರಶ್ನೆಯನ್ನು ನಾನು ನನ್ನ ಕಾಲದಲ್ಲಿ ಕೇಳಲೇ ಇಲ್ಲ.

ಮೊದಲು ನಿನ್ನ ಹೆದರಿಕೆಗೆ ಒಂದು ಮಾತು ಹೇಳಿಬಿಡುತ್ತೇನೆ. ನಿನ್ನದು ಇಟ್ಟಿಗೆ ಗೋಡೆ. ಬರೀ ಇಟ್ಟಿಗೆಯ ಮೇಲೆ ಒಂದು ದಿನ ಮಳೆ ಬಿದ್ದರೆ ಮನೆ ಕರಗುವುದಿಲ್ಲ. ಇಟ್ಟಿಗೆ ನೀರು ಕುಡಿಯುತ್ತದೆ, ಗಾಳಿಯಾಡಿದರೆ ಬಿಟ್ಟೂ ಕೊಡುತ್ತದೆ. ಮರದ ಚೌಕಟ್ಟಿನ ಮೇಲೆ ತಂತಿ ಬಲೆ ಹೊಡೆದು ಗಾರೆ ಹಾಕಿದ ಮನೆ ಆಗಿದ್ದರೆ ನಾನೂ ಹೆದರುತ್ತಿದ್ದೆ. ಅಲ್ಲಿ ಬಲೆಯ ಹಿಂದೆ ನೀರು ತಡೆಯುವ ಕಾಗದ ಇರುತ್ತದೆ. ಅದು ಹರಿದು ನೀರು ಒಳಗೆ ನಿಂತರೆ ಮರ ಕೊಳೆಯುತ್ತದೆ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ನಿನ್ನ ಗೋಡೆಗೆ ಅಂಥ ಕಾಟ ಇಲ್ಲ. ಬರಿದಾದ ಗೋಡೆಗಿಂತ ಹಸಿ ಗಾರೆಗೇ ಮಳೆಯ ಭಯ ಜಾಸ್ತಿ. ಬೆಳಿಗ್ಗೆ ಹಾಕಿದ ಗಾರೆಯ ಮೇಲೆ ಸಂಜೆ ಜೋರು ಮಳೆ ಬಿದ್ದರೆ ಸಿಮೆಂಟು ತೊಳೆದು ಹೋಗಿ ಮರಳು ಕಣ್ಣು ಬಿಡುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ನಿನಗೆ ಗೋಡೆ ಹಾಳಾಯಿತು ಅಂತ ಮಾತ್ರ ಗೊತ್ತು. ಹೇಗೆ ಅಂತ ಯಾರಿಗೂ ಹೇಳಿಲ್ಲ ನಾನು.

ಆ ವರ್ಷ ನನಗೆ ಆತುರ. ನೆಂಟರು ಬರುವವರಿದ್ದರು, ಗೋಡೆ ನೋಡಿ ಏನಂದುಕೊಳ್ಳುತ್ತಾರೋ ಅಂತ. ಮಳೆಗಾಲಕ್ಕೆ ಇನ್ನೂ ಮೂರು ವಾರ ಇದೆ ಅಂತ ಲೆಕ್ಕ ಹಾಕಿದೆ. ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. "ಒಂದು ಗೋಡೆ ಮುಗಿಸಿ ಇನ್ನೊಂದು ಕೀಳೋಣ ಅಮ್ಮಾ" ಅಂದರು. ನಾನು ಕೇಳಲಿಲ್ಲ. ಧೂಳು ಒಂದೇ ಸಲ ಎದ್ದು ಮುಗಿಯಲಿ ಅಂತ ನಾಲ್ಕೂ ಕಡೆ ಕೀಳಿಸಿದೆ. ಮಳೆ ಹತ್ತು ದಿನ ಮುಂಚೆಯೇ ಬಂತು. ಮೂರು ದಿನ ಬಿಡದೆ ಹೊಯ್ಯಿತು. ಕೋಣೆಯೊಳಗೆ ಗೋಡೆ ಬೆವರಿತು. ನಿನ್ನ ದೊಡ್ಡಪ್ಪ ಮಂಚ ಎಳೆದು ನಡುಮನೆಗೆ ಹಾಕಿಕೊಂಡು ಒಂದೂ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಲ್ಲಿಗೂ ಕೆಟ್ಟಿರಲಿಲ್ಲ ನೋಡು. ಮಳೆ ಬಿಟ್ಟಿತು, ಬಿಸಿಲೂ ಬಂತು. ಮೇಸ್ತ್ರಿ ಗೋಡೆ ಮುಟ್ಟಿ ನೋಡಿ "ಹತ್ತು ದಿನ ಆರಲಿ" ಅಂದರು. ನಾನು ಮಾರನೇ ದಿನವೇ ಗಾರೆ ಹಾಕಿಸಿದೆ. ಒಂದು ವಾರಕ್ಕೆ ಪೇಂಟೂ ಹೊಡೆಸಿದೆ. ನೆಂಟರು ಬಂದರು, ಚೆನ್ನಾಗಿದೆ ಅಂದರು. ಎರಡು ತಿಂಗಳಿಗೆ ಪೇಂಟು ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಕಳಚಿತು. ಒಳಗಡೆ ಬಿಳೀ ಉಪ್ಪು, ಹಿಟ್ಟು ಚೆಲ್ಲಿದ ಹಾಗೆ. ಗೋಡೆಯೊಳಗೆ ನಿಂತ ನೀರು ಹೊರಗೆ ಬರುವಾಗ ಇಟ್ಟಿಗೆ, ಸಿಮೆಂಟಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ಮಾತ್ರ ಮೇಸ್ತ್ರಿಯನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿ, ನಾಲ್ಕು ಜನರ ಎದುರಿಗೆ ಬೈದೆ. ಕೊಡಬೇಕಿದ್ದ ಕೂಲಿಯಲ್ಲಿ ಅರ್ಧ ಹಿಡಿದೆ. ಅವರು "ನಾನು ಹೇಳಿದ್ದೆ" ಅಂತ ಒಂದು ಮಾತು ಆಡಲಿಲ್ಲ. ಕರಣೆ ಒರೆಸಿಕೊಂಡು ಹೋದರು.

ಮಾತು ಎಲ್ಲಿಗೋ ಹೋಯಿತು. ನೀನು ಕೇಳಿದ್ದು ಮಳೆಯ ವಿಷಯ.

ನಿಮ್ಮ ಕಡೆ ಮಳೆ ಯಾವಾಗ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಅಂತ ನನಗಿಂತ ನಿನಗೆ ಗೊತ್ತು. ನಾನು ಹೇಳುವುದು ಇಷ್ಟೇ. ಮಳೆ ಬರುವ ಮುಂಚೆ ಮುಗಿಸುತ್ತೇನೆ ಅಂತ ಓಡಬೇಡ. ಮಳೆಗಾಲ ಹೋದ ಮೇಲೆ, ಗೋಡೆ ಕೆಲವು ವಾರ ಆರಿದ ಮೇಲೆ, ಚಳಿ ಬಲಿಯುವ ಮೊದಲು ಸಿಗುವ ದಿನಗಳು ನನಗೆ ಒಳ್ಳೆಯದು ಅನ್ನಿಸುತ್ತವೆ. ಆಗ ನಿನ್ನ ಹಿಂದೆ ಮಳೆ ಇರುತ್ತದೆ, ಮುಂದೆ ಇರುವುದಿಲ್ಲ. ಅದು ತಪ್ಪಿದರೆ ಚಳಿ ಇಳಿದು ಬಿಸಿಲು ಇನ್ನೂ ಏರದ ದಿನಗಳು. ರಾತ್ರಿ 5 ಡಿಗ್ರಿಗಿಂತ ಕೆಳಗೆ ಇಳಿಯುವ ಕಡೆಯಾದರೆ ಆ ದಿನಗಳಲ್ಲಿ ಗಾರೆ ಬೇಡ. ಒಳಗಿನ ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ, ಗಾರೆ ಪುಡಿ ಪುಡಿ.

ಹಾಗಂತ ಮಳೆಗೆ ಹೆದರಿ ಸುಡುಬಿಸಿಲಿಗೆ ಇಟ್ಟುಕೊಳ್ಳಬೇಡ. ಬಹಳ ಜನ ಅದನ್ನೇ ಮಾಡುತ್ತಾರೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಬಿಸಿಲು ಗಾಳಿ ಎರಡೂ ಸೇರಿ ನೀರನ್ನು ಎಳೆದುಕೊಂಡರೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಬಿಸಿಲಿನಲ್ಲೇ ಮಾಡುವ ಗತಿ ಬಂದರೆ ನೆರಳಿನ ಹಿಂದೆ ಹೋಗು. ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ.

ಇದೆಲ್ಲ ನಿನಗೆ ಹೇಳಲು ನಾನ್ಯಾರು ಅನ್ನಿಸುತ್ತದೆ. ಗೋಡೆ ಕೆಡಿಸಿಕೊಂಡವಳು. ಆದರೂ ಕೇಳು. ದಿನ ಎಣಿಸುವಾಗ ಕೆಲಸದ ದಿನ ಮಾತ್ರ ಎಣಿಸಬೇಡ, ಕಾಯುವ ದಿನವನ್ನೂ ಎಣಿಸು. ಗಾರೆಯ ಮೊದಲ ಪದರಕ್ಕೆ ಎರಡು ದಿನವಾದರೂ ನೀರು ಚಿಮುಕಿಸಬೇಕು. ಎರಡನೆಯದಾದ ಮೇಲೆ ಒಂದು ವಾರ. ಆಮೇಲೆ ಮೇಲಿನ ತೆಳು ಪದರ. ಪೇಂಟಿಗೆ 28 ದಿನ ತಡೆದುಕೊ. ಎಲ್ಲ ಸೇರಿದರೂ ದಪ್ಪ ಎರಡು ಸೆಂಟಿಮೀಟರಿನ ಆಸುಪಾಸು. ಅಷ್ಟಕ್ಕೆ ಇಷ್ಟು ದಿನವಾ ಅಂತ ನನಗೂ ಅನ್ನಿಸಿತ್ತು.

ಇನ್ನೊಂದು. ಪೂರ್ತಿ ಕೀಳಲೇಬೇಕಾ ನೋಡು. ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋಗು. ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆ ಬಿಟ್ಟಿದೆ ಅಂತ ಅರ್ಥ. ಟಣ್ ಅಂದರೆ ಇನ್ನೂ ಹಿಡಿದಿದೆ. ಕೀಳುವ ಜಾಗ ಕಮ್ಮಿಯಾದಷ್ಟೂ ನಿನ್ನ ಭಯ ಕಮ್ಮಿ, ಅಲ್ವಾ?

ಕಿತ್ತ ಗೋಡೆಗೆ ಟಾರ್ಪಾಲು ತಂದಿಟ್ಟುಕೋ. ಮೋಡ ಬಂದ ಮೇಲೆ ಹುಡುಕಿಕೊಂಡು ಓಡುವುದಲ್ಲ. ಮೇಲ್ಗಡೆ ಸೂರಿನ ಒಳಗಿಂದ ಕಟ್ಟು. ಗೋಡೆಗೆ ಅಂಟಿಸಬೇಡ, ಗಾಳಿಯಾಡಲು ಒಂದು ಗೇಣು ಬಿಡು. ನೆನೆದರೆ ನೆನೆಯಲಿ. ನೆನೆದ ಗೋಡೆ ಆರುವವರೆಗೆ ಸುಮ್ನೆ ಕೂತಿರಬೇಕು, ಅದೇ ಕಷ್ಟ. ನನ್ನ ಕೈಲಿ ಆಗದೆ ಹೋದದ್ದು ಅದೊಂದೇ.

ಆ ಮೇಸ್ತ್ರಿ ತೀರಿಕೊಂಡು ವರ್ಷಗಳಾದವು. ಹಿಡಿದ ಕೂಲಿ ಕೊಟ್ಟು ಬರೋಣ ಅಂತ ಎರಡು ಸಲ ಸೀರೆ ಉಟ್ಟು ಬಾಗಿಲವರೆಗೆ ಬಂದು ನಿಂತಿದ್ದೇನೆ. ಹೋಗಲಿಲ್ಲ.

ನಿನ್ನ ಮೇಸ್ತ್ರಿ ಯಾವತ್ತು ಕೆಲಸ ಹಿಡಿಯುತ್ತಾರೆ ಅಂತ ಬರೆ. ಅವರು "ಇನ್ನೂ ಹತ್ತು ದಿನ ಆರಲಿ" ಅಂದು ನಿನಗೆ ಸಿಟ್ಟು ಬಂದರೆ, ಅವರ ಹತ್ತಿರ ಮಾತಾಡಬೇಡ, ಮೊದಲು ನನಗೆ ಬರೆ.

ನಿನ್ನ
ದೊಡ್ಡಮ್ಮ