ಬೇರೆಯವರ ಮಗಳ ಜೊತೆ ಪೋರ್ಚುಗಲ್‌ಗೆ

ರೆಡಿಂಗ್, ಇಂಗ್ಲೆಂಡ್
ಆಗಸ್ಟ್ ಕೊನೆಯ ವಾರ

ಪ್ರೀತಿಯ ಅಕ್ಕಾ,

ಪುಟ್ಟನನ್ನು ಅವನ ಗೆಳೆಯನ ಮನೆಯವರು ದಸರಾ ರಜೆಯಲ್ಲಿ ಶ್ರೀಲಂಕಾಕ್ಕೆ ಕರೆಯುತ್ತಿದ್ದಾರೆ, ಕಳಿಸಲೋ ಬೇಡವೋ ಅಂತ ಕೇಳಿದ್ದೆಯಲ್ಲ. ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಾವೂ ಈ ಸಲ ಪೋರ್ಚುಗಲ್‌ಗೆ ನಮ್ಮ ಸಿರಿಯ ಗೆಳತಿಯನ್ನು ಕರೆದುಕೊಂಡು ಹೋಗಿ ಬಂದೆವು. ಕಳಿಸು ಅಂತಲೇ ನಾನು ಹೇಳುವುದು. ಆದರೆ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕಾದ ವಿಷಯಗಳಿವೆ, ನಾವು ಅವನ್ನೆಲ್ಲ ದಾಕ್ಷಿಣ್ಯಕ್ಕೆ ಬಿಟ್ಟುಬಿಡುತ್ತೇವೆ.

"ಬೇರೆಯವರ ಮಕ್ಕಳ ಉಸಾಬರಿ ನಿಮಗ್ಯಾಕೆ" ಅಂತ ಅಮ್ಮ ಗೊಣಗಿದ್ದು ನಿನಗೂ ಗೊತ್ತು. ಅಲ್ಲ, 14 ವರ್ಷದ ಹುಡುಗಿ ಅಪ್ಪ ಅಮ್ಮನ ಜೊತೆ ಒಬ್ಬಳೇ ಬಂದರೆ ಮೊಬೈಲ್ ಬಿಟ್ಟು ತಲೆ ಎತ್ತುವುದೇ ಇಲ್ಲ. ಜೊತೆಗೊಬ್ಬಳಿದ್ದರೆ ಅವಳಿಗೂ ಖುಷಿ, ನಮಗೂ ಆರಾಮ.

ಮೊದಲು ಕಾಗದ ಪತ್ರ. ಆ ಹುಡುಗಿಯ ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಪ್ಪ ಲೀಡ್ಸ್‌ನಲ್ಲಿ. ಇಲ್ಲಿ ಮಗುವಿನ ಮೇಲೆ ಕಾನೂನಿನ ಪ್ರಕಾರ ಹಕ್ಕಿರುವವರೆಲ್ಲ ಒಪ್ಪಬೇಕು, ಇಲ್ಲದೆ ದೇಶದಾಚೆ ಕರೆದುಕೊಂಡು ಹೋದರೆ ಅದು ಅಪಹರಣ ಅಂತಲೇ ಲೆಕ್ಕ. ಹಾಗಾಗಿ ಇಬ್ಬರೂ ಸಹಿ ಹಾಕಿದ ಒಂದು ಪತ್ರ ಮಾಡಿಸಿದೆವು. ಎಲ್ಲಿಗೆ, ಯಾವತ್ತಿನಿಂದ ಯಾವತ್ತಿನವರೆಗೆ, ಯಾರ ಜೊತೆ, ಇಬ್ಬರ ಫೋನ್ ನಂಬರು, ಆಸ್ಪತ್ರೆಗೆ ಸೇರಿಸಬೇಕಾದರೆ ನಾವು ಒಪ್ಪಿಗೆ ಕೊಡಬಹುದು ಅನ್ನುವುದು, ಎಲ್ಲ ಅದರಲ್ಲಿತ್ತು. ತಮಾಷೆ ಏನು ಗೊತ್ತಾ, ವೀಸಾಕ್ಕೆ ಓಡಾಡಿದ್ದು ನಾವು. ಅವಳದು ಬ್ರಿಟಿಷ್ ಪಾಸ್‌ಪೋರ್ಟ್, ವೀಸಾ ಬೇಡ. ನಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಅಲ್ವಾ, ತಲೆಗೆ 90 ಯೂರೋ ಕಟ್ಟಿ, ಬೆರಳಚ್ಚು ಕೊಟ್ಟು, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾ ತಗೊಂಡೆವು. ಸಿರಿಗೂ ಪೂರ್ತಿ 90, 12 ದಾಟಿದರೆ ದೊಡ್ಡವರ ರೇಟೇ.

ಪೋರ್ಚುಗಲ್‌ನ ಫಾರೋ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕೌಂಟರಿನವನು ನಮ್ಮ ಮೂವರ ಮುಖ ನೋಡಿದ, ಕೆಂಚು ಕೂದಲಿನ ಆ ಹುಡುಗಿಯ ಮುಖ ನೋಡಿದ, "ಇವಳು ನಿಮಗೇನಾಗಬೇಕು?" ಅಂದ. ಪತ್ರ ಕೊಟ್ಟೆ. ಪೂರ್ತಿ ಓದಿದ. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ, ಯಾರ ಜೊತೆ ಬಂದಿದ್ದೀಯಾ, ಎಲ್ಲಿ ಇರುತ್ತೀಯಾ ಅಂತ. ಇವರಿಗೆ ಸಿಟ್ಟು ಬಂತು, ನನಗೆ ಅದು ಸರಿ ಅನ್ನಿಸಿತು. ಪುಟ್ಟನಿಗೂ ಹೇಳಿಕೊಡು, ಹೋಟೆಲ್ ಹೆಸರು, ಊರು, ಆ ಅಂಕಲ್ ಆಂಟಿಯ ಪೂರ್ತಿ ಹೆಸರು ಬಾಯಿಗೆ ಬರಬೇಕು.

ಇನ್ನು ಅಲರ್ಜಿ. ನನ್ನ ನಿದ್ದೆ ಕೆಡಿಸಿದ್ದು ಇದೊಂದೇ. ಆ ಹುಡುಗಿಗೆ ಶೇಂಗಾ, ಬಾದಾಮಿ, ಗೋಡಂಬಿ ಯಾವುದೂ ಆಗುವುದಿಲ್ಲ. ನಾವು ಹೋದದ್ದೋ ಪೋರ್ಚುಗಲ್‌ನ ದಕ್ಷಿಣದ ಅಲ್ಗಾರ್ವ್ ಸೀಮೆಗೆ, ಅಲ್ಲಿ ಸಿಹಿತಿಂಡಿ ಅಂದರೆ ಬಾದಾಮಿಯೇ. ಅಂಗಡಿ ಗಾಜಿನೊಳಗೆ ಬಾದಾಮಿ ಹಿಟ್ಟಿನಲ್ಲಿ ಮಾಡಿದ ಪುಟ್ಟ ಪುಟ್ಟ ಹಣ್ಣು, ಬಣ್ಣ ಹಚ್ಚಿ ಎಷ್ಟು ಚಂದ ಜೋಡಿಸಿಟ್ಟಿರುತ್ತಾರೆ ಅಂದರೆ ಯಾವ ಮಕ್ಕಳಿಗಾದರೂ ಆಸೆಯಾಗಬೇಕು. ಹೊರಡುವ ಮೊದಲು ಅವಳಮ್ಮ ನಮ್ಮನೆಗೆ ಬಂದು, ಅಲರ್ಜಿ ಜೋರಾದರೆ ಹಾಕುವ ಇಂಜೆಕ್ಷನ್ ಪೆನ್ ಹೇಗೆ ಹಾಕುವುದು ಅಂತ ಸೂಜಿಯಿಲ್ಲದ ಡಮ್ಮಿ ಪೆನ್‌ನಲ್ಲಿ ತೋರಿಸಿದರು. ತೊಡೆಯ ಹೊರಬದಿಗೆ, ಪ್ಯಾಂಟಿನ ಮೇಲಿಂದಲೇ ಒತ್ತಿ ಹಿಡಿಯಬೇಕು, ತಕ್ಷಣ 112ಕ್ಕೆ ಫೋನ್ ಮಾಡಬೇಕು. ನನ್ನ ಕೈಯಲ್ಲೂ ಮಾಡಿಸಿದರು, ಇವರ ಕೈಯಲ್ಲೂ, ಸಿರಿಯ ಕೈಯಲ್ಲೂ. ಎರಡು ಪೆನ್ ಯಾವಾಗಲೂ ನನ್ನ ಹೆಗಲಚೀಲದಲ್ಲೇ ಇರುತ್ತಿತ್ತು, ಲಗೇಜಿಗೆ ಹಾಕಲಿಲ್ಲ. ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ರೆಡಿಂಗ್‌ನಲ್ಲೇ ಉಳಿಯಿತು. ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾಳೆ. ಏನೂ ಆಗಲಿಲ್ಲ, ದೇವರ ದಯೆ.

ಸಮುದ್ರದ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅಲ್ಲಿ ಬೀಚಿನಲ್ಲಿ ಬಾವುಟ ಹಾಕಿರುತ್ತಾರೆ. ಕೆಂಪಿದ್ದರೆ ನೀರಿಗಿಳಿಯುವ ಹಾಗೇ ಇಲ್ಲ, ಹಳದಿ ಇದ್ದರೆ ಕಾಲು ಅದ್ದಬಹುದು, ಈಜುವಂತಿಲ್ಲ, ಹಸಿರಿದ್ದರೆ ಸರಿ. ಹಳದಿಯಲ್ಲೂ ಈಜುತ್ತೇನೆ, ನಮ್ಮಪ್ಪ ಬಿಡುತ್ತಾರೆ ಅಂದಳು ಆ ಹುಡುಗಿ. ಬಿಡಲಿ, ನಾನು ಬಿಡಲ್ಲ ಅಂದೆ. ಹಾಗೆ ಹೇಳುವ ಧೈರ್ಯ ಬಂದದ್ದು ಅವಳಮ್ಮ ಮೊದಲೇ "ಅಲ್ಲಿ ನೀವು ಹೇಳಿದ್ದೇ ಕೊನೆ ಮಾತು" ಅಂತ ಮಗಳ ಎದುರಿಗೇ ಹೇಳಿದ್ದರಿಂದ. ನೀನೂ ಪುಟ್ಟನ ಎದುರಿಗೇ ಹೇಳು. ಇಲ್ಲದಿದ್ದರೆ ಆ ಪಾಪದವರು ಬೈಯಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಾರೆ.

ದುಡ್ಡಿನ ಮಾತು ಬಂದಾಗ ಇವರು ಶುರುಮಾಡಿದರು, "ಅಯ್ಯೋ ಒಂದು ಮಗುವಿಂದ ಏನು ತಗೊಳ್ಳೋದು, ಬೇಡ ಬೇಡ" ಅಂತ. ನಾನು ಸುಮ್ನೆ ತಗೊಂಡೆ. ಟಿಕೆಟ್ಟು, ಇನ್ಶೂರೆನ್ಸು ಅವರದೇ, ಊಟಕ್ಕೆ ಅಂತ ಒಂದು ಮೊತ್ತ ಕೊಟ್ಟರು. ಅಷ್ಟಾದರೂ ಮೊದಲ ರಾತ್ರಿ ಹೋಟೆಲಿನಲ್ಲಿ ಆ ಹುಡುಗಿ ಮೆನು ಕಾರ್ಡಿನ ಬಲಗಡೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದಳು, ಎಲ್ಲಕ್ಕಿಂತ ಅಗ್ಗದ ಸೂಪಿನ ಹತ್ತಿರ ನಿಲ್ಲಿಸಿ "ನನಗೆ ಅಷ್ಟೇನೂ ಹಸಿವಿಲ್ಲ" ಅಂದಳು. ಹೊಟ್ಟೆ ಚುರ್ ಅಂತು ಅಕ್ಕಾ. ನಿಮ್ಮಮ್ಮ ಕೊಟ್ಟ ದುಡ್ಡು ಇದೆ, ಬೇಕಾದ್ದು ಹೇಳು ಅಂದ ಮೇಲೇ ಮೀನು ತರಿಸಿದಳು. ಎಲ್ಲಾ ನಮ್ಮದೇ ಅಂದಿದ್ದರೆ ರಜೆ ಪೂರ್ತಿ ಸೂಪಿನಲ್ಲೇ ಕಳೆಯುತ್ತಿದ್ದಳು.

ಮತ್ತೆ ಜಗಳ. ಆಗಿಯೇ ಆಗುತ್ತದೆ. ಯಾವುದೋ ಫೋಟೋ ಕೇಳದೆ ಹಾಕಿದ್ದಕ್ಕೆ ಇಬ್ಬರೂ ಮಾತು ಬಿಟ್ಟರು. ಸಿರಿ ಬಾಗಿಲು ದಢಾರ್ ಅಂತ ಹಾಕಿಕೊಂಡಳು, ಅವಳಿಗೇನು, ಅಪ್ಪ ಅಮ್ಮ ಇಲ್ಲೇ ಇದ್ದಾರೆ. ಇವಳು ಎಲ್ಲಿಗೆ ಹೋಗಬೇಕು? ಮಲಗುವುದೂ ಅದೇ ರೂಮಿನಲ್ಲಿ. ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್‌ಗಳ ಮಧ್ಯೆ ಕೂತಿದ್ದಳು. ಏನೂ ಕೇಳಲಿಲ್ಲ ನಾನು. ಲಾಗೋಸ್ ಊರಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಅಂಜೂರ, ನಿಂಬೆಹಣ್ಣು, ಈರುಳ್ಳಿ ತಂದು ಚಿತ್ರಾನ್ನ ಮಾಡಿದೆವು, ಶೇಂಗಾ ಬಿಟ್ಟು ಬರೀ ಕಡಲೆಬೇಳೆ ಒಗ್ಗರಣೆ. ಈರುಳ್ಳಿ ಹೆಚ್ಚುತ್ತಾ ಅವಳೇ ಎಲ್ಲಾ ಹೇಳಿಕೊಂಡಳು, ಅಪ್ಪ ಮನೆ ಬಿಟ್ಟಿದ್ದೂ ಸೇರಿ. ವಾಸನೆಗೆ ಸಿರಿ ಹೊರಗೆ ಬಂದಳು, ತಟ್ಟೆ ತಗೊಂಡಳು, ಅಷ್ಟಕ್ಕೇ ರಾಜಿ.

ಆದ್ದರಿಂದ ಒಂದು ಕೆಲಸ ಮಾಡು. ಪುಟ್ಟನಿಗೂ ಆ ಹುಡುಗನಿಗೂ ಜಗಳವಾದರೆ ದಿನಾ ರಾತ್ರಿ ನಿನಗೆ ಫೋನ್ ಮಾಡಿ ಅಳುವುದು ಬೇಡ, ಆ ಆಂಟಿಗೇ ಹೇಳಲಿ, ಅದನ್ನು ಆಂಟಿಗೂ ತಿಳಿಸು. ಪಾಸ್‌ಪೋರ್ಟ್ ತೆಗೆದು ನೋಡು, ಮಕ್ಕಳದು 5 ವರ್ಷಕ್ಕೇ ಮುಗಿಯುತ್ತದೆ, ಶ್ರೀಲಂಕಾಕ್ಕೆ 6 ತಿಂಗಳಾದರೂ ಬಾಕಿ ಇರಬೇಕು. ನೀನು, ಭಾವ ಇಬ್ಬರೂ ಸಹಿ ಹಾಕಿ ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ನಾವು ಮಾಡಿಸಿದ ಪತ್ರದ ಫೋಟೋ ವಾಟ್ಸಾಪ್ ಮಾಡುತ್ತೇನೆ, ಹೆಸರು ಅಡ್ರೆಸ್ ಅಳಿಸಿ. ಅವನ ಉಬ್ಬಸದ ಪಂಪ್ (ಇನ್ಹೇಲರ್) ವಿಷಯ ಅವರಿಗೆ ಗೊತ್ತಿದೆಯಾ? ಸಂಕೋಚ ಪಟ್ಟುಕೊಂಡು ಮುಚ್ಚಿಡಬೇಡ ಮತ್ತೆ. ದುಡ್ಡು ಬೇಡ ಅಂದರೂ ಕೈಗಿಟ್ಟು ಬಾ.

ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಅವರ ಮನೆಗೊಂದು ಸಲ ಹೋಗಿ ಬಂದಿರು. ಅಮ್ಮನಿಗೆ ಬಿಪಿ ಮಾತ್ರೆ ನೆನಪಿಸು. ಭಾವನಿಗೆ ನಮಸ್ಕಾರ.

ನಿನ್ನ ತಂಗಿ