ಬೆರೆಸುವ ಮುನ್ನ ಇನ್ನೊಬ್ಬರು ನೋಡಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಫಾರ್ಮಸಿ ಟೆಕ್ನೀಷಿಯನ್ ಆಗಿದ್ದೇನೆ. ಕಂಪನಿಗಳು ತಯಾರಿಸದ ಪ್ರಮಾಣದಲ್ಲೋ ರೂಪದಲ್ಲೋ ಔಷಧ ಬೇಕಾದ ರೋಗಿಗಳಿಗೆ ಅದನ್ನು ಕೈಯಾರೆ ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಮಾತ್ರೆ ನುಂಗಲಾರದ ಹಸುಗೂಸಿಗೆ ಅದೇ ಮಾತ್ರೆಯನ್ನು ಅರೆದು ದ್ರವವಾಗಿಸುತ್ತೇವೆ; ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಒಗ್ಗದವರಿಗೆ ಅದಿಲ್ಲದ ಕ್ಯಾಪ್ಸೂಲ್ ತುಂಬುತ್ತೇವೆ; ಕ್ಯಾನ್ಸರ್ ರೋಗಿಗಳ ಡ್ರಿಪ್ ಚೀಲಗಳಿಗೆ ಅವರವರ ಎತ್ತರ, ತೂಕ ನೋಡಿ ಲೆಕ್ಕ ಹಾಕಿದ ಔಷಧ ಸೇರಿಸುತ್ತೇವೆ. ಈ ಕೆಲಸದ ಮೇಲೆ ನನಗೆ ಪ್ರೀತಿಯಿದೆ. ತಮ್ಮಲ್ಲಿ ನನ್ನ ಬೇಡಿಕೆ ಒಂದೇ: ಔಷಧವನ್ನು ಅಳೆದ ಮೇಲೆ, ಬೆರೆಸುವ ಮುನ್ನ, ಫಾರ್ಮಸಿಸ್ಟ್ ಒಬ್ಬರು ಎದುರು ನಿಂತು ನೋಡಿ ಸಹಿ ಹಾಕುವಂತಾಗಬೇಕು, ಅದಕ್ಕೆ ಬೇಕಾದಷ್ಟು ಫಾರ್ಮಸಿಸ್ಟರು ಪ್ರತಿ ಪಾಳಿಯಲ್ಲೂ ಇರಬೇಕು.

ನಿಯಮ ಏನೆಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ತಯಾರಿಕಾ ಹಾಳೆಯಲ್ಲಿ ‘ಪರಿಶೀಲಿಸಿದವರು’ ಎಂಬ ಕಾಲಂ ಯಾಕಿದೆಯೆಂದು ತಮ್ಮ ಇಲಾಖೆಗೆ ಚೆನ್ನಾಗಿ ಗೊತ್ತು. ಆ ಕಾಲಂ ನಮ್ಮಲ್ಲಿ ಹೇಗೆ ತುಂಬುತ್ತದೆ ಎಂಬುದನ್ನಷ್ಟೇ ತಿಳಿಸುತ್ತೇನೆ.

ಕಳೆದ ವರ್ಷ ಒಂದು ಬೆಳಿಗ್ಗೆ ಕೆಲಸಕ್ಕೆ ಬಂದಾಗ ಮೇಜಿನ ಮೇಲೆ ಹನ್ನೊಂದು ಹಾಳೆಗಳಿದ್ದವು. ಹನ್ನೊಂದರಲ್ಲೂ ಪರಿಶೀಲಕರ ಸಹಿ ಬಿದ್ದಾಗಿತ್ತು. ನಾನಿನ್ನೂ ಕೈಗವಸು ಕೂಡ ತೊಟ್ಟಿರಲಿಲ್ಲ. ಮೊದಲನೆಯದು ತಿಂಗಳು ತುಂಬುವ ಮುನ್ನವೇ ಹುಟ್ಟಿದ, ಹೃದಯದ ತೊಂದರೆಯಿದ್ದ ಮಗುವಿನದು. ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಇಳಿಸುವ ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧದ 25 ಮಿಲಿಗ್ರಾಮಿನ ಹತ್ತು ಮಾತ್ರೆಗಳನ್ನು ನುಣ್ಣಗೆ ಅರೆದು 50 ಮಿಲಿಲೀಟರ್ ದ್ರವ ಮಾಡಿದರೆ ಪ್ರತಿ ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಔಷಧ ಇರುತ್ತದೆ. ನೂರಾರು ಸಲ ಮಾಡಿದ ಕೆಲಸ. ಏಳು ಮಾತ್ರೆಗಳು ಅರೆಯುವ ಬಟ್ಟಲಿಗೆ ಬಿದ್ದಿದ್ದವು. ಎಂಟನೆಯದನ್ನು ಬಿಡಿಸಲು ಸ್ಟ್ರಿಪ್ಪನ್ನು ತಿರುಗಿಸಿದಾಗ, ಅರ್ಧ ಕತ್ತರಿಸಿಹೋಗಿದ್ದ ಬೆಳ್ಳಿಬಣ್ಣದ ಅಂಚಿನಲ್ಲಿ 100 ಎಂಬ ಅಂಕಿ ಕಣ್ಣಿಗೆ ಬಿತ್ತು. ಯಾರೋ 100 ಮಿಲಿಗ್ರಾಮಿನ ಸ್ಟ್ರಿಪ್ಪನ್ನು 25ರ ಡಬ್ಬಿಗೆ ಹಾಕಿದ್ದರು. ನಾನೂ ಓದದೆ ತೆಗೆದುಕೊಂಡಿದ್ದೆ, ಅದು ನನ್ನ ತಪ್ಪು. ಆ ಸ್ಟ್ರಿಪ್ಪನ್ನು ತಿರುಗಿಸದೇ ಇದ್ದಿದ್ದರೆ ನಾಲ್ಕು ಪಟ್ಟು ಔಷಧ ಆ ಕೂಸಿನ ಹೊಟ್ಟೆಗೆ ಹೋಗುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದಿತ್ತು. ಬೆರೆಸಿಟ್ಟ ಮೇಲೆ ಬಾಟಲಿಯನ್ನು ಎಷ್ಟು ಹೊತ್ತು ನೋಡಿದರೂ ಸರಿಯಾದ ಔಷಧಕ್ಕೂ ನಾಲ್ಕು ಪಟ್ಟಿನ ಔಷಧಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಬೆರೆಸುವ ಮುನ್ನ ನೋಡಬೇಕು ಎನ್ನುತ್ತಿದ್ದೇನೆ.

ನಡೆದದ್ದನ್ನೆಲ್ಲ ಮೇಲಧಿಕಾರಿಗಳಿಗೆ ನಾನೇ ಹೋಗಿ ಹೇಳಿದೆ. ಮೂರನೆಯ ದಿನ ನನ್ನ ಕೈಗೆ ಮೆಮೊ ಬಂತು. ಏಳು ಮಾತ್ರೆಗಳನ್ನು ವ್ಯರ್ಥ ಮಾಡಿದ್ದಕ್ಕೆ ವಿವರಣೆ ಕೊಡಬೇಕಂತೆ! ನೋಡದೇ ಹಾಕಿದ ಹನ್ನೊಂದು ಸಹಿಗಳ ಬಗ್ಗೆ ಅದರಲ್ಲಿ ಒಂದಕ್ಷರವಿರಲಿಲ್ಲ. ಸಹಿ ಹಾಕಿದವರನ್ನೂ ನಾನು ದೂರುವುದಿಲ್ಲ. ಹೊರರೋಗಿಗಳ ಕೌಂಟರ್, ವಾರ್ಡುಗಳು, ನಮ್ಮ ಕೋಣೆ ಎಲ್ಲವನ್ನೂ ಒಬ್ಬರೇ ಓಡಾಡಿ ನೋಡಿಕೊಳ್ಳುವಂತೆ ಮಾಡಿದವರು ಅದಕ್ಕೆ ಉತ್ತರ ಕೊಡಬೇಕು.

ಡ್ರಿಪ್ ಚೀಲಗಳ ಪರಿಶೀಲನೆಯೂ ಇದಕ್ಕಿಂತ ಮೇಲಲ್ಲ. ಔಷಧವನ್ನು ಚೀಲಕ್ಕೆ ಸೇರಿಸಿದ ಮೇಲೆ ಖಾಲಿ ಸಿರಿಂಜಿನ ಹಿಡಿಯನ್ನು ಹಿಂದಕ್ಕೆಳೆದು, ‘ಇಷ್ಟು ಹಾಕಿದೆ’ ಎಂದು ಗುರುತು ತೋರಿಸಿ, ಪಕ್ಕದಲ್ಲಿ ಔಷಧವಿದ್ದ ಪುಟ್ಟ ಶೀಸೆಯನ್ನು (ವಯಲ್) ಇಡುತ್ತೇವೆ. ಫಾರ್ಮಸಿಸ್ಟ್ ಬಂದು ನೋಡುವುದು ನನ್ನ ನೆನಪನ್ನೇ ಹೊರತು ಔಷಧವನ್ನಲ್ಲ. 2006ರಲ್ಲಿ ಅಮೆರಿಕದ ಓಹಿಯೋ ರಾಜ್ಯದಲ್ಲಿ ಎರಡು ವರ್ಷದ ಮಗುವಿನ ಕಿಮೋಥೆರಪಿ ಡ್ರಿಪ್ಪಿನಲ್ಲಿ ಉಪ್ಪಿನ ಪ್ರಮಾಣ ಇರಬೇಕಾದದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಮಗು ತೀರಿಕೊಂಡಿತು. ಚೀಲ ಸಿದ್ಧಪಡಿಸಿದವರು ನನ್ನಂಥದೇ ಒಬ್ಬ ಟೆಕ್ನೀಷಿಯನ್. ಜೈಲಿಗೆ ಹೋದವರು ಪರಿಶೀಲಿಸಬೇಕಿದ್ದ ಫಾರ್ಮಸಿಸ್ಟ್. ಟೆಕ್ನೀಷಿಯನ್‌ಗಳ ಅರ್ಹತೆಯ ಬಗ್ಗೆ ಆ ರಾಜ್ಯ 2009ರಲ್ಲಿ ಕಾನೂನು ತಂದಿತು, ಮಗು ಹೋದ ಮೇಲೆ. ನಾವೂ ಅದಕ್ಕೇ ಕಾಯಬೇಕೇ?

ಆ ಬೆಳಗಿನ ನಂತರ ನನಗೆ ನೆಮ್ಮದಿಯ ನಿದ್ದೆಯಿಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ವಾರ್ಡಿಗೆ ಫೋನ್ ಮಾಡಿ, ಬಾಟಲಿಯ ಮೇಲಿನ ಚೀಟಿಯನ್ನು ಓದಿ ಹೇಳುವಂತೆ ನರ್ಸನ್ನು ಬೇಡಿಕೊಂಡೆ. ಅವರು ಬೇಸರಿಸದೆ ಅಂಕಿ ಅಂಕಿಯಾಗಿ ಓದಿದರು. ಚೀಟಿ ಸರಿಯಾಗಿತ್ತು. ಆದರೆ ಚೀಟಿಯನ್ನು ಬರೆದವನೂ ನಾನೇ ಅಲ್ಲವೇ? ಒಳಗಿನ ಔಷಧ ಸರಿಯಿದೆಯೆಂದು ಹೇಳುವವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ.

ಈ ವಿಷಯವಾಗಿ ಮೂರು ಸಲ ಲಿಖಿತ ಮನವಿ ಕೊಟ್ಟಿದ್ದೇನೆ. ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಸ್ವಾಮಿ, ಆ ಪದ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಹದಿನಾಲ್ಕು ವರ್ಷ ಸಂಯಮದಿಂದ ನಡೆದುಕೊಂಡವನು ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ, ಆದರೆ ಮನವಿಯನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪ್ರತಿ ಪಾಳಿಯಲ್ಲೂ ಔಷಧ ತಯಾರಿಸುವ ಕೋಣೆಗೆಂದೇ ಒಬ್ಬ ಫಾರ್ಮಸಿಸ್ಟ್ ಬೇಕು. ಅಳೆದದ್ದನ್ನು ಬೆರೆಸುವ ಮುನ್ನ ಅವರು ನೋಡಬೇಕು, ನೋಡಿದ ಮೇಲೆಯೇ ಸಹಿ ಹಾಕಬೇಕು. ಮುಂಚಿತವಾಗಿ ಸಹಿ ಬಿದ್ದ ಹಾಳೆ ಸಿಕ್ಕರೆ ಆ ತಯಾರಿಕೆಯನ್ನು ನಿಲ್ಲಿಸುವ ಅಧಿಕಾರ ಟೆಕ್ನೀಷಿಯನ್‌ಗೆ ಇರಬೇಕು, ನಿಲ್ಲಿಸಿದವರಿಗೆ ಮೆಮೊ ಬರಬಾರದು. ಇಷ್ಟನ್ನು ಲಿಖಿತ ಆದೇಶವಾಗಿ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿ ಟೆಕ್ನೀಷಿಯನ್