ಅಮ್ಮನಿಗೆ, ಆ ಫೋಟೋದ ವಿಚಾರ

ಸಿನ್ಸಿನಾಟಿ, ಒಹಾಯೊ
ಭಾನುವಾರ ರಾತ್ರಿ

ಅಮ್ಮಾ,

ನಮಸ್ಕಾರ. ನಾವೆಲ್ಲ ಆರಾಮ. ಪುಟ್ಟಿಗೆ ಶೀತ ಆಗಿತ್ತು, ಈಗ ಇಲ್ಲ. ನಿನ್ನ ಪತ್ರ ಗುರುವಾರ ಬಂತು. ಈ ಕಾಗದದ ಫೋಟೋ ತೆಗೆದು ಭಾವನ ಫೋನಿಗೆ ಹಾಕುತ್ತೇನೆ. ಅಂಚೆಗೆ ಕಾಯುವ ಪುರುಸೊತ್ತಿಲ್ಲ. ಅವರು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ತರುತ್ತಾರೆ.

ಮೊದಲು ಆ ಫೋಟೋ, ನಾನು ರಿವಾಲ್ವರ್ ಹಿಡಿದು ನಿಂತದ್ದು. ಶಾಂತಕ್ಕನಿಗೆ ಕಳಿಸಿದ್ದು ನಾನೇ. ಅದು ಊರಿನ ಗ್ರೂಪಿಗೆಲ್ಲ ಹೇಗೆ ಹೋಯಿತೋ! "ಅಮೆರಿಕಕ್ಕೆ ಹೋಗಿ ಪಿಸ್ತೂಲು ಹಿಡಿದ" ಎಂದು ಸೊಸೈಟಿ ಕಟ್ಟೆಯಲ್ಲಿ ಜನ ಆಡಿಕೊಳ್ಳುತ್ತಾರೆ ಎಂದು ಬರೆದಿದ್ದೀಯ. ಆಡಿಕೊಳ್ಳಲಿ ಬಿಡು. ಅದು ನಮ್ಮ ಅಟ್ಟದ ಕೇಪಿನ ಕೋವಿಯ ಜಾತಿಯೇ. ನಳಿಗೆ ಗಿಡ್ಡ, ಅಷ್ಟೇ. ಇಲ್ಲಿಂದ ಅಪ್ಪಯ್ಯನಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದು. ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ನಮ್ಮ ಕೋವಿಗೆ ಒಂದು ಸಲ ಮದ್ದು ತುಂಬಿದರೆ ಒಂದೇ ಈಡು. ಇದಕ್ಕೆ ಆರು ಗೂಡಿನ ಸಿಲಿಂಡರ್ ಇದೆ. ಒಂದೊಂದು ಗೂಡಿಗೂ ಕರಿಮದ್ದು ಸುರಿದು, ಸೀಸದ ಉಂಡೆ ಇಟ್ಟು ಜಡಿಯಬೇಕು. ಜಡಿಯಲು ಬೇರೆ ಗಜ ಬೇಡ, ನಳಿಗೆಯ ಕೆಳಗೇ ಒಂದು ಹಿಡಿಕೆ ಇದೆ. ಉಂಡೆ ಗೂಡಿಗಿಂತ ಕೂದಲಷ್ಟು ದಪ್ಪ. ಜಡಿದಾಗ ಅಂಚಿನಿಂದ ತೆಳ್ಳನೆ ಸೀಸದ ಉಂಗುರ ಕತ್ತರಿಸಿ ಬಂದರೆ ಬಿಗಿಯಾಗಿ ಕೂತಿತು ಎಂದು ಲೆಕ್ಕ. ಮೇಲೆ ಕೊಬ್ಬು ಮೆತ್ತಬೇಕು. ಇಲ್ಲದಿದ್ದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೂ ಹಾರಿ... ಅದು ಬಿಡು, ನನಗೆ ಒಂದು ಸಲವೂ ಹಾಗೆ ಆಗಿಲ್ಲ. ಅಡುಗೆಮನೆಯ ಡಾಲ್ಡಾದಂಥದ್ದನ್ನೇ ಮೆತ್ತುತ್ತಿದ್ದೆ. ಸುಮಾ ಬೈದ ಮೇಲೆ ಬೇರೆ ಡಬ್ಬ ತಂದಿದ್ದೇನೆ. ಕೊನೆಗೆ ಹಿಂದೆ ಚಾಚಿಕೊಂಡ ಆರು ತೊಟ್ಟುಗಳಿಗೂ ಕಿಡಿ ಹಾರಿಸುವ ಕೇಪು ಸಿಕ್ಕಿಸಬೇಕು. ಆರು ಈಡು ತುಂಬಲು ನನಗೆ ಐದಾರು ನಿಮಿಷ ಬೇಕು. ಇದನ್ನು ಹಿಡಿದು ಯಾರು ಯಾರನ್ನು ದರೋಡೆ ಮಾಡುತ್ತಾರೆ ಹೇಳು!

ಫೋಟೋದಲ್ಲಿ ಮೂತಿ ಮೇಲೆತ್ತಿದ್ದೇನೆ ಅಲ್ವಾ? ಅದಕ್ಕೇ ಸುಬ್ಬಣ್ಣ "ಸಿನಿಮಾದವರ ಹಾಗೆ ಆಕಾಶಕ್ಕೆ ಹೊಡೀತಾನೆ" ಅಂದನಂತೆ. ಆಕಾಶಕ್ಕೂ ಇಲ್ಲ, ಎಲ್ಲಿಗೂ ಇಲ್ಲ. ಒಡೆದ ಕೇಪಿನ ಚೂರು ಒಳಗೆ ಬಿದ್ದರೆ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಮೂತಿ ಎತ್ತಿ, ಕೇಪು ಕುಟ್ಟುವ ಕುದುರೆಯನ್ನು ಹಿಂದಕ್ಕೆ ಎಳೆದರೆ ಚೂರು ಹಿಂದಕ್ಕೆ ಉದುರುತ್ತದೆ. ಅಪ್ಪಯ್ಯ, ಸುಬ್ಬಣ್ಣನಿಗೆ ಇದನ್ನು ಖಂಡಿತ ಹೇಳಿ.

ಇದು 1851ರ ಕೋಲ್ಟ್ ನೇವಿ ಎಂಬುದರ ನಕಲು. ಸಿಲಿಂಡರ್ ಮೇಲೆ 1843ರಲ್ಲಿ ಟೆಕ್ಸಾಸಿನವರಿಗೂ ಮೆಕ್ಸಿಕೋದವರಿಗೂ ನಡೆದ ಹಡಗು ಯುದ್ಧದ ಚಿತ್ರ ಕೊರೆದಿದ್ದಾರೆ. ನೇವಿ ಎಂಬ ಹೆಸರು ಅದರಿಂದಲೇ. ಇಲ್ಲಿನ ಅಂತರ್ಯುದ್ಧದ ಜನರಲ್ ಲೀ ಹತ್ತಿರವೂ ಒಂದು ಇತ್ತು. ತಮಾಷೆ ಅಂದರೆ, ಇವರ ಇತಿಹಾಸದ ನಕಲು ತಯಾರಾಗುವುದು ಇಟಲಿಯಲ್ಲಿ! ಬ್ರೆಶಿಯಾ ಹತ್ತಿರದ ಒಂದು ಕಣಿವೆಯಲ್ಲಿ ತಲೆತಲಾಂತರದಿಂದ ಕೋವಿ ಮಾಡುವವರಿದ್ದಾರೆ. ಆ ಅಂತರ್ಯುದ್ಧಕ್ಕೆ 1961ರಲ್ಲಿ ನೂರು ವರ್ಷ ತುಂಬಿತು. ಆ ಹೊತ್ತಿಗೆ ಇಲ್ಲಿಯವರಿಗೆ ಹಳೆ ಕೋವಿಯ ಹುಚ್ಚು ಹತ್ತಿತು. ಅಸಲಿ ಕೋವಿಗೆ ಬೆಲೆ ಜಾಸ್ತಿ, ಹಾಗಾಗಿ ನಕಲಿಗೆ ಗಿರಾಕಿ. ಆ ಕಣಿವೆಯ ಉಬೆರ್ಟಿ ಎಂಬ ಕಂಪನಿ 1959ರಲ್ಲೇ ಶುರುವಾಗಿತ್ತು. ನನ್ನದೂ ಅವರದ್ದೇ.

ಕಾನೂನಿನ ಬಗ್ಗೆ ಹೆದರಬೇಡ. ತೋಟಾ ಹಾಕದ ಇಂಥ ಹಳೇ ಮಾದರಿಯನ್ನು ಇಲ್ಲಿನ ಕೇಂದ್ರದ ಕಾನೂನು ಬಂದೂಕು ಎಂದೇ ಹಿಡಿಯುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ವಿಚಾರಿಸಿಯೇ ತೆಗೆದುಕೊಂಡೆ. ಗ್ರೀನ್ ಕಾರ್ಡ್ ಬರುವ ತನಕ ಮುಟ್ಟಲೂ ಇಲ್ಲ. ಚಪ್ಪಲಿ ಬಂದ ಹಾಗೆ ಕೊರಿಯರಿನಲ್ಲಿ ಬಾಗಿಲಿಗೇ ಬಂತು! ಎಲೆಕ್ಷನ್ ಬಂದಾಗಲೆಲ್ಲ ಅಪ್ಪಯ್ಯ ಕೋವಿ ಹೊತ್ತು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುವುದು ನೆನಪಾಯಿತು.

ಫೋಟೋ ತೆಗೆದದ್ದು ಪಕ್ಕದ ಇಂಡಿಯಾನಾದಲ್ಲಿ. ಊರಿನ ಹೆಸರೇ ಫ್ರೆಂಡ್‌ಶಿಪ್. ಮದ್ದು ತುಂಬಿ ಹೊಡೆಯುವ ಕೋವಿಯವರ ಸಂಘ ಅಲ್ಲಿದೆ, 1933ರದ್ದು. ಸೆಪ್ಟೆಂಬರಿನಲ್ಲಿ ದೊಡ್ಡ ಸ್ಪರ್ಧೆ, ಜಾತ್ರೆಯ ಹಾಗೆ. ಚರ್ಮದ ಅಂಗಿ ತೊಟ್ಟ ಮುದುಕರು ಡೇರೆ ಹಾಕಿಕೊಂಡು ಕೂತಿರುತ್ತಾರೆ. ಈಡಿನ ಹೊಗೆಗೆ ಮುಂದೆ ಏನೂ ಕಾಣುವುದಿಲ್ಲ, ಹೊಡೆದವನೇ ಬಗ್ಗಿ ನೋಡಬೇಕು ತಗುಲಿತಾ ಎಂದು. ನನ್ನದು ತಗುಲಲಿಲ್ಲ. ಈ ಕೋಲ್ಟಿನ ಗುರಿ ದೂರಕ್ಕೆ ಹೊಂದಿಸಿದ್ದು. ಹತ್ತಿರದ ಹಲಗೆಗೆ ಹೊಡೆದರೆ ಈಡು ಗೇಣುದ್ದ ಮೇಲೆ ಹೋಗುತ್ತದೆ. ಇದು ನೆಪ ಅಲ್ಲ!

ಸಂಜೆ ಮನೆಗೆ ಬಂದು ಬಿಸಿನೀರು ಸೋಪಿನಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಸಿಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಸುಮಾ ಮೂಗು ಮುಚ್ಚಿ ಹೊರಗೆ ಹೋಗುತ್ತಾಳೆ. ನಾನು ಸುಮ್ನೆ ನಿಂತಿರುತ್ತೇನೆ. ಅಜ್ಜ ಬಚ್ಚಲ ಹಂಡೆಯ ನೀರು ಮೊಗೆದು ಕೋವಿ ತೊಳೆಯುವಾಗ ಬರುತ್ತಿದ್ದದ್ದು ಇದೇ ವಾಸನೆ.

ಅಮ್ಮ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಅಪ್ಪಯ್ಯ ಕೇಳಿದರೆ ಇನ್ನು ಚಳಿಯ ವಿಚಾರ ಬರೆದಿದ್ದಾನೆ ಎನ್ನು.

ನಾಲ್ಕು ಪುಟ ಬರೆದಿದ್ದೀಯ, ಮೂರೂವರೆ ಪುಟ ನನ್ನ ಕೋವಿ. ಕಡೆಗೆ ಒಂದೇ ಸಾಲು. ತೋಟದಿಂದ ದರೆ ಹತ್ತಿ ಬರುವಾಗ ಅಪ್ಪಯ್ಯ ಎರಡು ಕಡೆ ಕೂರುತ್ತಾರೆ, ಬೆವರುತ್ತಾರೆ, ಎಡಗೈ ಜೋಮು ಅನ್ನುತ್ತಾರೆ, ಗ್ಯಾಸ್ ಇರಬೇಕು ಎಂದು. ಎಷ್ಟು ದಿನದಿಂದ? ಇದು ಗ್ಯಾಸ್ ಅಲ್ಲದೆಯೂ ಇರಬಹುದು. ಜೀರಿಗೆ ಕಷಾಯ ಕೊಟ್ಟು ಕೂರಬೇಡ. ಮೊದಲು ಇಸಿಜಿ ಮಾಡಿಸಿ. ಆಮೇಲೆ ಅದೇ ಕಾಗದ ಹಿಡಿದು ಶಿವಮೊಗ್ಗದ ಹೃದಯದ ಡಾಕ್ಟರ ಹತ್ತಿರ ಹೋಗಿ. ಅಡಿಕೆ ಕೊನೆ ಕೊಯ್ಲು ಮುಗಿಯಲಿ ಎಂದು ಅವರು ಹೇಳುತ್ತಾರೆ, ಕೇಳಬೇಡ. ಕೂತಿದ್ದಾಗಲೂ ಎದೆ ಹಿಡಿದರೆ ಬೆಳಗಾಗಲಿ ಎಂದೂ ಕಾಯಬೇಡ.

ಅವರು ಸುಲಭಕ್ಕೆ ಒಪ್ಪುವವರಲ್ಲ. ಒಂದು ಸುಳ್ಳು ಹೇಳು. ಕೋವಿ ಲೈಸೆನ್ಸ್ ರಿನ್ಯೂ ಆಗಲು ಈ ಸಲ ಎದೆ ಪರೀಕ್ಷೆಯ ಸರ್ಟಿಫಿಕೇಟ್ ಬೇಕಂತೆ ಎನ್ನು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂತಿರುತ್ತಾರೆ ನೋಡು.

ದುಡ್ಡಿನ ಚಿಂತೆ ನಿನಗೆ ಬೇಡವೇ ಬೇಡ. ಎಲೆಚುಕ್ಕಿ ರೋಗ ಬಂದು ಫಸಲು ಹೋದದ್ದು ನನಗೆ ಗೊತ್ತಿಲ್ಲವಾ? ಭಾವನ ಖಾತೆಗೆ ಇವತ್ತೇ ಹಾಕಿದ್ದೇನೆ. ಆಂಜಿಯೋಗ್ರಾಂ ಬೇಕು ಎಂದರೆ ಹೂಂ ಎನ್ನಿ, ನನ್ನನ್ನು ಕೇಳಲು ಕಾಯಬೇಡಿ. ನನ್ನ ಹತ್ತಿರ ಇರುವುದು ಮೂರು ರಿವಾಲ್ವರ್. ಅದರಲ್ಲಿ ವಾಕರ್ ಎಂಬುದು ಎರಡು ಕಿಲೋ ತೂಕದ್ದು, ಅದನ್ನು ಮಾರಲು ಇಟ್ಟಿದ್ದೇನೆ. ಟಿಕೆಟ್ಟಿನ ಅರ್ಧಕ್ಕೂ ಸಾಲದು, ಆದರೂ ಇಟ್ಟಿದ್ದೇನೆ. ರಜೆ ಕೇಳಿದ್ದೇನೆ, ಸಿಗುತ್ತದೆ. ಏನೂ ಆಗುವುದಿಲ್ಲ ಅಮ್ಮ. ಈಗ ಇದಕ್ಕೆಲ್ಲ ಔಷಧಿ ಇದೆ. ಏನೂ ಆಗುವುದಿಲ್ಲ.

ಪುಟ್ಟಿ ಎದ್ದಳು, ಅಳುತ್ತಿದ್ದಾಳೆ. ಭಾವ, ಪ್ರಿಂಟ್ ತೆಗೆಸುವ ಮೊದಲು ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ನಾಳೆಯೇ ಜೀಪು ತೆಗೆದುಕೊಂಡು ಹೋಗಿ. ಶಿವಮೊಗ್ಗದಿಂದ ಫೋನ್ ಮಾಡಿ, ಇಲ್ಲಿ ಎಷ್ಟೇ ರಾತ್ರಿ ಆಗಿರಲಿ.

ನಿನ್ನ ಮಗ,
ರವಿ